ಓಗೊಡದ ಚೌರಪ್ಪ

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರಿಗೂ ವರುಷ ನೆನಪಿಲ್ಲದ ಕಾಲದಲ್ಲಿ, ಕರಿಬಂಡೆದೊಡ್ಡಿ ಎಂಬ ಒಂದು ಊರಿನಲ್ಲಿ ಚೌರಪ್ಪ ಎಂಬುವನಿದ್ದನಂತೆ. ಯೇಸುಸ್ವಾಮಿಯನ್ನು ನಂಬಿದ ಊರು ಅದು. ಊರ ಹಿಂದೆ ದೊಡ್ಡ ಬಂಡೆ, ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನು. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರೆ ಇನ್ನೊಬ್ಬ ನೆತ್ತಿಯ ಮೇಲೆ ಹಗ್ಗ ಹಿಡಿದು ನಿಲ್ಲಬೇಕು. ಹಿಡಿಯುವವನು ಇಳಿಯುವವನ ಅಕ್ಕನ ಗಂಡನೇ ಆಗಿರಬೇಕು ಎಂಬುದು ಅಲ್ಲಿನ ಕಟ್ಟಳೆ. ಕೈ ಸಡಿಲಿಸಿದರೆ ಮನೆಗೆ ಹೋಗಿ ಹೆಂಡತಿಗೆ ಮುಖ ತೋರಿಸಬೇಕಲ್ಲ!

ಚೌರಪ್ಪ ಹಗ್ಗ ಹಿಡಿದರೆ ಬಂಡೆಯೇ ಹಿಡಿದ ಹಾಗೆ ಎನ್ನುತ್ತಿದ್ದರಂತೆ. ಒಮ್ಮೆ ಹಗ್ಗದ ಎಳೆಗಳು ಹರಿದು ಒಂದೇ ಎಳೆ ಉಳಿದಾಗಲೂ ಬಾಮೈದನನ್ನು ಜೇನಿನ ಕೊಡದ ಸಮೇತ ಮೇಲಕ್ಕೆ ಎಳೆದುಕೊಂಡನಂತೆ. ಹೇಳುವವರ ಬಾಯಲ್ಲಿ ಆ ಒಂದು ಕೊಡ ಈಗ ನಾಲ್ಕಾಗಿದೆ.

ಕೈಗಿದ್ದ ಬಲ ಸಿಟ್ಟಿಗೂ ಇತ್ತು. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ಎತ್ತು ಮೊಂಡು ಬಿದ್ದರೆ ನೊಗ ಮುರಿಯುತ್ತಿತ್ತು. ಕೊನೆಗೊಂದು ವರುಷ ಉಪವಾಸದ ತಪಸ್ಸು ಕಾಲದಲ್ಲಿ ಅವನು ಯೇಸುವಿನ ಗುಡಿಗೆ ಹೋಗಿ ಅಲ್ಲಿನ ಪಾದ್ರಿ ಸ್ವಾಮಿಗಳ ಮುಂದೆ ಮಂಡಿಯೂರಿ ಅತ್ತನಂತೆ. ಸಿಟ್ಟು ಬಂದಾಗ ಬಾಯಿಗೆ ಬೀಗ ಹಾಕು, ಹೊತ್ತು ಮುಳುಗುವುದರೊಳಗೆ ಬೀಗ ತೆಗೆದು ಒಂದು ಒಳ್ಳೆಯ ಮಾತಾಡು, ಎರಡೂ ದೇವರ ಅಪ್ಪಣೆಯೇ ಎಂದರಂತೆ ಸ್ವಾಮಿಗಳು.

ಚೌರಪ್ಪ ಹಾಗೇ ನಡೆದ. ಆದರೆ ಅಪ್ಪಣೆಯ ಮೊದಲರ್ಧ ಎಷ್ಟು ಚೆನ್ನಾಗಿ ಕೈಹತ್ತಿತೆಂದರೆ ಉಳಿದರ್ಧ ಮರೆತೇಹೋಯಿತು. ತಟ್ಟೆ ಹಾರುವುದು ನಿಂತಿತು. ಬೈಗುಳ ನಿಂತಿತು. ಯಾರ ಮೇಲೆ ಸಿಟ್ಟು ಬಂತೋ ಅವರ ಎದುರು ವಾರಗಟ್ಟಲೆ ಮೌನ. ಚೌರಪ್ಪ ಸಂತನಾಗಿಬಿಟ್ಟ ಎಂದಿತು ಊರು. ಅವನೂ ಹಾಗೇ ಅಂದುಕೊಂಡ. ಅವನ ಹೆಂಡತಿ ಸೂಸಮ್ಮ ಮಾತ್ರ, ಆ ತಟ್ಟೆ ಹಾರೋ ಸದ್ದೇ ವಾಸಿಯಿತ್ತು ಕಣ್ರೇ ಎಂದು ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳಂತೆ.

ಹೀಗಿರುವಾಗ ಒಂದು ಮಗುವಿನ ಜ್ಞಾನಸ್ನಾನದ ಊಟದಲ್ಲಿ ಸೂಸಮ್ಮನ ತಮ್ಮ ಅರುಳಪ್ಪ ಬಾಯಿ ಬಿಟ್ಟ. "ಭಾವನ ಸಿಟ್ಟು ಇಳಿಸಿದ್ದು ಸ್ವಾಮಿಗಳು ಅಂದ್ಕೊಂಡ್ರಾ? ನಮ್ಮಕ್ಕನ ಮುದ್ದೆ ತಿರುವೋ ಕೋಲು!" ಪಂಕ್ತಿಯೆಲ್ಲ ನಕ್ಕಿತು. ಚೌರಪ್ಪ ಅನ್ನ ಕಲಸುತ್ತಿದ್ದ ಕೈಯನ್ನು ತೊಳೆದು ಎದ್ದುಹೋದ. ಅಂದಿನಿಂದ ಬಾಮೈದನ ಜೊತೆ ಮಾತಿಲ್ಲ.

ಅರುಳಪ್ಪ ಸಂಜೆ ಸಂಜೆ ಅಂಗಳಕ್ಕೆ ಬರುತ್ತಿದ್ದನಂತೆ. "ಭಾವ, ತಪ್ಪಾಯ್ತು. ಬೇಕಾದ್ರೆ ಅದೇ ಕೋಲಲ್ಲಿ ನಂಗೆ ಎರಡು ಬಿಡಿ. ಸುಮ್ನೆ ಮಾತ್ರ ಇರಬೇಡಿ." ಚೌರಪ್ಪ ಜಪಸರ ಹಿಡಿದು ಕಣ್ಣು ಮುಚ್ಚುತ್ತಿದ್ದ. ಹೊಡೆಯಲಿಲ್ಲ, ಬೈಯಲಿಲ್ಲ, ದೇವರಿಗೆ ಇದಕ್ಕಿಂತ ಇನ್ನೇನು ಬೇಕು ಎಂಬುದು ಅವನ ಲೆಕ್ಕ.

ಯೇಸುಸ್ವಾಮಿ ಸತ್ತು ಮತ್ತೆ ಎದ್ದುಬಂದ ಪಾಸ್ಕ ಹಬ್ಬ ಹತ್ತಿರ ಬಂತು. ಅಂದು ಗುಡಿಯಲ್ಲಿ ಹಚ್ಚುವ ದೊಡ್ಡ ಬತ್ತಿಗೆ ಜೇನುಮೇಣ ಬೇಕು. ಬೆಳಗಿನ ತಂಪಿನಲ್ಲಿ ಭಾವ ಬಾಮೈದರು ಮಾತಿಲ್ಲದೆ ಬಂಡೆ ಹತ್ತಿದರು. ಸೂಸಮ್ಮ ನಾಲ್ಕು ಜನರೊಂದಿಗೆ ಕೆಳಗೆ ಕೊಡ ಇಟ್ಟುಕೊಂಡು ನಿಂತಳು. ಬಂಡೆಯ ಉಬ್ಬು ಅಡ್ಡವಾಗಿ ಇಳಿದವನು ಹಿಡಿದವನಿಗೆ ಕಾಣುವುದಿಲ್ಲ. ಅದಕ್ಕೇ ಇಳಿದವನು "ಭಾವಾ" ಎಂದು ಕೂಗಬೇಕು, ಮೇಲಿನವನು "ಓ" ಅನ್ನಬೇಕು. ಓಗೊಟ್ಟ ಮೇಲೆಯೇ ಮುಂದಿನ ಹೆಜ್ಜೆ.

ಅರುಳಪ್ಪ ಹೊಗೆ ಹಾಕಿ, ಬಂಡೆಯ ಅಂಚಿನಲ್ಲಿ ಕಾಲೂರಿ, "ಭಾವಾ" ಎಂದ.

ಚೌರಪ್ಪನಿಗೆ ಕೇಳಿಸಿತು. ಕೈ ತನ್ನ ಕೆಲಸ ಮಾಡುತ್ತಿದೆಯಲ್ಲ, ಬಾಯಿ ಯಾಕೆ ಅಂದುಕೊಂಡ.

"ಭಾವಾ, ಇದ್ದೀರಾ?"

ಓ ಎಂಬುದು ಗಂಟಲವರೆಗೆ ಬಂತಂತೆ. ಆ ಪಂಕ್ತಿಯ ನಗು ನೆನಪಾಯಿತು. ನುಂಗಿಕೊಂಡ.

ಅಷ್ಟರಲ್ಲಿ ಜೇನು ಎದ್ದಿತ್ತು. ಹುಳುಗಳು ಕಪ್ಪು ಹೊಗೆಯ ಹಾಗೆ ಮೇಲಕ್ಕೇ ಹೋಗುತ್ತಿದ್ದವು. ಅರುಳಪ್ಪ ಕೆಳಗೆ ನೋಡಿ ಕೂಗಿದ. "ಅಕ್ಕಾ, ಭಾವನಿಗೆ ಹುಳ ಮುತ್ತಿರಬೇಕು, ಮಾತೇ ಇಲ್ಲ! ಹಗ್ಗ ಜಗ್ಗಿದ್ರೆ ಅವರೇ ಉರುಳಿ ಬಿದ್ದಾರು. ಬಿಚ್ಚಿ ಹತ್ತಿ ನೋಡ್ತೀನಿ!"

ಆ ಮಾತು ಮೇಲಕ್ಕೂ ಕೇಳಿಸಿತು. ಚೌರಪ್ಪ ಬಾಯಿ ತೆರೆದ. ಅಷ್ಟು ದಿನ ಮುಚ್ಚಿದ್ದ ಬಾಯಿಂದ ಮೊದಲು ಬರೀ ಗಾಳಿ ಬಂತು. ಬಂಡೆ ಅದುರುವಂತೆ ಅವನು "ಓ" ಎಂದಾಗ ಹಗ್ಗ ಕೈಯಲ್ಲಿ ಹಗುರವಾಗಿತ್ತು. ಕೆಳಗಿನಿಂದ ಸೂಸಮ್ಮನ ಕೂಗು ಕೇಳಿತು, ಎನ್ನುತ್ತಾರೆ.

ಅವಳು ಗಂಡನನ್ನು ಬೈಯಲಿಲ್ಲ. ಬಂಡೆಯ ಬುಡದಲ್ಲಿ ಉಸಿರಿಲ್ಲದೆ ಬಿದ್ದಿದ್ದ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇಷ್ಟೇ ಅಂದಳಂತೆ: "ಅವನು ಕರೆದ. ನೀವು ಅಲ್ಲೇ ಇದ್ದಿರಿ."

ಸ್ವಾಮಿಗಳು ಚೌರಪ್ಪನಿಗೆ ಪಾಪಕ್ಷಮೆ ಕೊಟ್ಟರು. ದೇವರು ಕ್ಷಮಿಸಿದ, ಅದರಲ್ಲಿ ಸಂಶಯವಿಲ್ಲ ಎನ್ನುತ್ತಾರೆ ಹಿರಿಯರು. ಆದರೆ ಚೌರಪ್ಪ ಮತ್ತೆ ಹಗ್ಗ ಮುಟ್ಟಲಿಲ್ಲ. ಮುಪ್ಪಿನಲ್ಲಿ ಯಾರೂ ಕರೆಯದಿದ್ದರೂ, ಹೊಲದ ಬದುವಿನಲ್ಲಿ, ಪೂಜೆಯ ನಡುವಿನಲ್ಲಿ, ತಟಕ್ಕನೆ ತಲೆಯೆತ್ತಿ "ಓ, ಇದ್ದೀನಪ್ಪ" ಎನ್ನುತ್ತಿದ್ದನಂತೆ. ಮಕ್ಕಳು ನಗುತ್ತಿದ್ದವು. ದೊಡ್ಡವರು ಮಕ್ಕಳನ್ನು ಗದರುತ್ತಿದ್ದರು.

ಈಗಲೂ ಆ ಊರಿನಲ್ಲಿ ಜಗಳವಿಲ್ಲ ಎಂದಲ್ಲ. ಬದುವಿಗೆ, ಕೋಳಿಗೆ, ಎಲ್ಲ ಊರಿನಂತೆ ಅಲ್ಲೂ ಇದೆ. ಆದರೆ ಸಂಜೆ ಗುಡಿಯ ಗಂಟೆ ಹೊಡೆದಾಗ ಮಾತು ಬಿಟ್ಟವರು ತಮ್ಮ ಬಾಗಿಲಿಗೆ ಬಂದು ಎದುರಾಳಿಯ ಹೆಸರು ಹಿಡಿದು ಒಮ್ಮೆ ಕೂಗುತ್ತಾರೆ. ಆ ಮನೆಯವರು ಓ ಅನ್ನಲೇಬೇಕು, ಹಲ್ಲು ಕಚ್ಚಿಕೊಂಡು ಅಂದರೂ ಸರಿ. ಅದು ಕಿವಿಗೆ ಬಿದ್ದ ಮೇಲೆಯೇ ಎರಡೂ ಮನೆಯಲ್ಲಿ ದೀಪ ಹಚ್ಚುವುದು.