ಬೈರಿಗೆಯ ಮೇಲಿನ ಕಾಲುಂಗುರ

ಬನಹಟ್ಟಿಯ ನೇಕಾರ ತುಳಜಪ್ಪ ಮಗಳ ಧಾರೆ ಸೀರೆಯನ್ನು ತಾನೇ ನೇಯುತ್ತಿದ್ದ. ಸೆರಗು ಅರ್ಧ ಆಗುವ ಹೊತ್ತಿಗೆ ಮಗ್ಗದ ಕಡ್ಡಿಯನ್ನು ಹಿಡಿದಿಡುವ ಕಬ್ಬಿಣದ ತುಂಡೊಂದು ಸೀಳಿಹೋಯಿತು. ಮದುವೆ ಗುರುವಾರ. ಅಷ್ಟು ಹಳೆಯ ಮಗ್ಗದ ಬಿಡಿಭಾಗ ಯಾವ ಅಂಗಡಿಯಲ್ಲೂ ಇರಲಿಲ್ಲ. ಅವನು ನೆಟ್ಟಗೆ ಓಣಿಯಲ್ಲಿ ಕಬ್ಬಿಣದ ಕೆಲಸ ಮಾಡುವ ಕಾಶವ್ವನ ಹಿತ್ತಿಲಿಗೆ ಬಂದ.

ಕಾಶವ್ವನಿಗೆ ಈ ಕೆಲಸ ಯಾರೂ ಕಲಿಸಿರಲಿಲ್ಲ. ಬುಟ್ಟಿಗಟ್ಟಲೆ ಕಬ್ಬಿಣ ಕೆಡಿಸಿ ತಾನೇ ಕಲಿತಿದ್ದಳು. ಈಗ ಮೈದುನ ಈರಪ್ಪ ಅವಳ ಬಳಿ ಕಲಿಯುತ್ತಿದ್ದ. ತುಳಜಪ್ಪನ ಮಗ್ಗಕ್ಕೆ ಹೊಂದುವಂಥ ದಪ್ಪ ತುಂಡುಗಳು ಮನೆಯಲ್ಲಿ ಎರಡೇ ಇದ್ದವು.

“ಒಂದು ತೂತು ತಾನೇ ವೈನಿ? ಕಣ್ಣು ಮುಚ್ಚಿ ತೆಗೆಯೋದ್ರಾಗ ಮುಗಿಸ್ತೀನಿ” ಎಂದು ಈರಪ್ಪ ಒಂದನ್ನು ಎತ್ತಿಕೊಂಡು ಗುರುತು ಹಾಕಿದ. ಹೊಸ ಕರೆಂಟಿನ ಡ್ರಿಲ್ಲು ಹಿಡಿದು ಮೈಭಾರವೆಲ್ಲ ಹಾಕಿ ಒತ್ತಿದ. ತೂತು ಬಿತ್ತು. ಆದರೆ ಗುರುತಿನ ಪಕ್ಕದಲ್ಲಿ ಹೊಕ್ಕು, ಆಚೆ ಬದಿ ಅಂಚಿಗೆ ಹೊರಬಿದ್ದಿತ್ತು. ಅದರಲ್ಲಿಟ್ಟ ಕಡ್ಡಿ ಸೊಟ್ಟಗೆ ನಿಂತಿತು.

“ಸುತ್ತಿಗೀಲೆ ಬಡಿದ್ರ ಕುಂದರ್ತೈತಿ ಬಿಡ್ರಿ.”

“ಕುಂದರ್ತೈತಿ. ಸೀರಿ ಹರೀತೈತಿ” ಎಂದಳು ಕಾಶವ್ವ.

ಈರಪ್ಪ ತಲೆ ತಗ್ಗಿಸಿದ. ಅವಳು ಉಳಿದ ತುಂಡಿಗೆ ಗುರುತು ಹಾಕಿ, ತೂತು ಕೊರೆಯುವ ಉಕ್ಕಿನ ಬಿಟ್ಟಿನ ತುದಿ ಜಾರದಿರಲೆಂದು ಆ ಗುರುತಿನ ಮೇಲೆ ಸಣ್ಣ ಕುಳಿ ಹೊಡೆದಳು. ತುಂಡನ್ನು ವೈಸಿನ ದವಡೆಯಲ್ಲಿ ಬಿಗಿದು, ಎಡಬಲಕ್ಕೆ ವಾಲಿದರೆ ತಿಳಿಯಲೆಂದು ಪಕ್ಕಕ್ಕೆ ಮೂಲೆಮಟ್ಟ ನಿಲ್ಲಿಸಿದಳು. ಕೈಯಿಂದ ತಿರುಗಿಸುವ ತನ್ನ ಹಳೆಯ ಬೈರಿಗೆ ತಂದಳು. ಆಮೇಲೆ ಬಗ್ಗಿ ಕಾಲುಂಗುರ ತೆಗೆದು ಬೈರಿಗೆಯ ಬಿಟ್ಟಿನ ನುಣುಪಾದ ಬುಡಕ್ಕೆ ತೂಗುಬಿಟ್ಟಳು.

“ಮುತ್ತೈದೇರು ಕಾಲುಂಗುರ ತೆಗೀತಾರೇನು ವೈನಿ?”

“ನಿಮ್ಮಣ್ಣ ಒಳಗ ಚಹಾ ಕುಡಿಯಾಕತ್ತಾನ, ಅವಗೇನೂ ಆಗೂದಿಲ್ಲ. ನೀ ಬೈರಿಗಿ ಅಡ್ಡ ಮಟ್ಟಸ ಹಿಡಿದು ಉಂಗುರ ನೋಡು. ನಿನ್ನ ಕಡೆ ಸರಿದ್ರ ನಿನ್ನ ಕೈ ಇಳಿದೈತಿ. ಕಬ್ಬಿಣದ ಕಡೆ ಸರಿದ್ರ ಕೈ ಏರೈತಿ. ಹಿಡಿ, ನೀನ ಹಾಕು.”

ತುಳಜಪ್ಪನ ಮುಖ ಬಾಡಿತು. “ಇರೋದು ಇದೊಂದ ಐತಿ. ನೀನ ಹಾಕವಾ.”

“ಕೆಡಿಸಿದಾವ್ಗ ಗೊತ್ತಿರ್ತೈತಿ ಕಾಕಾ, ಎಲ್ಲಿ ಕೆಡ್ತೈತಿ ಅಂತ.”

ಈರಪ್ಪ ಮೆಲ್ಲಗೆ ಹಿಡಿಕೆ ತಿರುಗಿಸಿದ. ಉಂಗುರ ಇದ್ದಲ್ಲೇ ಕುಣಿಯುತ್ತಿತ್ತು. ಅರ್ಧ ದಾರಿಯಲ್ಲಿ ಅದು ಕಬ್ಬಿಣದ ಕಡೆ ಜಾರತೊಡಗಿತು. ಮೊದಲಿನ ಈರಪ್ಪನಾಗಿದ್ದರೆ ಇನ್ನಷ್ಟು ಒತ್ತುತ್ತಿದ್ದ. ಈಗ ನಿಂತ. ಪುಡಿ ಕೆಡವಿ, ಒಂದು ಹನಿ ಎಣ್ಣೆ ಬಿಟ್ಟು, ಕೈ ಕೂದಲೆಳೆಯಷ್ಟು ಇಳಿಸಿ ಮತ್ತೆ ತಿರುಗಿಸಿದ. ಸಣ್ಣ ತೂತು ಆಚೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ದೊಡ್ಡ ಬಿಟ್ಟು ಹಾಕಿದ.

ಒಂದೇ ಬೆರಳಿನಿಂದ ಒತ್ತಿದಾಗ ಕಡ್ಡಿ ತೂತಿನಲ್ಲಿ ಸರಕ್ಕನೆ ಆಚೆ ಬಂತು. ತುಳಜಪ್ಪ ತುಂಡು ಹಿಡಿದು ಮನೆಗೆ ಓಡಿದ.

ಕಾಶವ್ವ ಭೇಷ್ ಅನ್ನಲಿಲ್ಲ. ಉಂಗುರ ಒರೆಸಿ ಕಾಲಿಗೆ ಹಾಕಿಕೊಂಡಳು. “ಹೋಗು, ನಿಮ್ಮಣ್ಣ ಚಹಾ ಉಳಿಸ್ಯಾನೇನು ನೋಡು” ಎಂದಳು. ಅಷ್ಟರಲ್ಲಿ ಓಣಿಯಾಚೆ ಮಗ್ಗದ ಸದ್ದು ಶುರುವಾಯಿತು. ಗುರುವಾರ ತುಳಜಪ್ಪನ ಮಗಳು ಅದೇ ಸೀರೆಯುಟ್ಟು ಧಾರೆಗೆ ನಿಂತಳು.

ನೀತಿ: ಬಲವಿದ್ದವನು ಕಬ್ಬಿಣವನ್ನು ತೂರಿಯಾನು. ಆದರೆ ಕೈ ತಪ್ಪುತ್ತಿರುವಾಗಲೇ ನಿಂತು ತಿದ್ದಿಕೊಳ್ಳುವವನ ಕೆಲಸವೇ ನೆಟ್ಟಗಾಗುವುದು.