ಒಂದೂ ವಿಕೆಟ್ ಇಲ್ಲದ ಹತ್ತು ಓವರು

"ಬುದ್ಧಿ, ಅದೇ ಮನುಷ್ಯ, ಅದೇ ಬಾಯಿ. ಒಂದು ವರ್ಷ ಜನ ಕಿಕ್ಕಿರಿದು ಬಂದು ಕೇಳುತ್ತಾರೆ. ಮರುವರ್ಷ ನಡುವೆಯೇ ಎದ್ದು ಹೋಗುತ್ತಾರೆ. ಇದು ಯಾಕೆ ಹೀಗೆ?"

ಕೇಳಿದವರು ಗುರುಸಿದ್ಧ ದೇವರು, ಮಠದ ಮರಿಗಳಲ್ಲಿ, ಅಂದರೆ ಕಿರಿಯ ಸ್ವಾಮಿಗಳಲ್ಲಿ, ಎಲ್ಲರಿಗಿಂತ ಚುರುಕು. ಶ್ರಾವಣ ಮಾಸದ ಪ್ರವಚನವನ್ನು ಹಿರಿಯ ಸ್ವಾಮಿಗಳು ಎರಡು ವರ್ಷದಿಂದ ಅವರಿಗೆ ವಹಿಸಿದ್ದರು. ಮೊದಲ ವರ್ಷ ಮಠದ ಅಂಗಳ ಸಾಲದೆ ಜನ ಜಗಲಿಯ ಮೇಲೆ ನಿಂತು ಕೇಳಿದ್ದರು. ಈ ವರ್ಷ ಮರಿದೇವರು ಪಕ್ಕದಲ್ಲಿ ಹಾರ್ಮೋನಿಯಂ ಇರಿಸಿಕೊಂಡರು, ನಡುನಡುವೆ ಹಾಡು ಸೇರಿಸಿದರು, ನಗೆಹನಿ ಹೇಳಿದರು, ಊರಿನ ರಾಜಕೀಯವನ್ನೂ ಎಳೆದು ತಂದರು. ಆದರೂ ಶ್ರಾವಣ ಮುಗಿಯುವ ಹೊತ್ತಿಗೆ ಹಾಸಿದ ಜಮಖಾನ ಅರ್ಧ ಖಾಲಿ. ಮುಂದಿನ ವರ್ಷದಿಂದ ಪ್ರವಚನ ತಮ್ಮಿಂದ ಆಗುವುದಿಲ್ಲ ಎಂದು ಹೇಳಿಬಿಡಲು ಅವರು ಬಂದಿದ್ದರು.

ಹಿರಿಯ ಸ್ವಾಮಿಗಳು ಎಲ್ಲವನ್ನೂ ಕೇಳಿದರು. "ಕೂತುಕೋ ಮರಿ. ನಿನಗೊಬ್ಬ ಬೌಲರನ ಕತೆ ಹೇಳುತ್ತೇನೆ. ಕಾವಿ ಉಟ್ಟವನಿಗೆ ಕ್ರಿಕೆಟ್ ಯಾತಕ್ಕೆ ಅಂತ ನಗಬೇಡ. ನಮ್ಮ ವಿದ್ಯಾರ್ಥಿನಿಲಯದ ಹುಡುಗರು ನನ್ನಿಂದ ಕಲಿತದ್ದಕ್ಕಿಂತ ನಾನು ಅವರಿಂದ ಕಲಿತದ್ದು ಹೆಚ್ಚು" ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಊರಿನ ಕಾಲೇಜಿನಲ್ಲಿ ಒಬ್ಬ ಬೌಲರ್ ಇದ್ದ. ಆ ಊರಿನಲ್ಲಿ ಹುಲ್ಲಿನ ಪಿಚ್ ಇರಲಿಲ್ಲ. ಗಟ್ಟಿ ನೆಲದ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಅಂಚಿಗೆ ಮೊಳೆ ಹೊಡೆದು ಆಡುತ್ತಿದ್ದರು. ಅಭ್ಯಾಸಕ್ಕೂ ಚಾಪೆಯೇ, ಪಂದ್ಯಕ್ಕೂ ಚಾಪೆಯೇ.

ಕಾಲೇಜಿಗೆ ಸೇರಿದ ಹೊಸದರಲ್ಲಿ ಅವನನ್ನು ಕೇಳುವವರಿರಲಿಲ್ಲ. ತಂಡದವರ ಅಭ್ಯಾಸ ಮುಗಿದ ಮೇಲೆ ಕೊನೆಯ ನೆಟ್ಟಿನಲ್ಲಿ ಒಬ್ಬನೇ ಚೆಂಡು ಹಾಕುತ್ತಿದ್ದ. ಅವನಿಗೆ ಬರುತ್ತಿದ್ದುದು ಒಂದೇ ಬಗೆಯ ಚೆಂಡು. ಮುಂದೆ ಕಾಲಿಡಲೋ ಹಿಂದೆ ಸರಿಯಲೋ ಎಂದು ಬ್ಯಾಟ್ಸ್‌ಮನ್ ಅನುಮಾನಿಸುವ ಒಂದು ಜಾಗ ಇರುತ್ತದೆ. ಅದು ಇಂತಿಷ್ಟೇ ಅಡಿ ಎಂದು ಹೇಳಲು ಬರುವುದಿಲ್ಲ, ಹಾಕುವವನ ಕೈಗೆ ಗೊತ್ತಾಗಬೇಕು. ಇವನು ದಿನಕ್ಕೆ ನೂರು ಚೆಂಡು ಅಲ್ಲಿಗೇ ಹಾಕುತ್ತಿದ್ದ. ಬೇರೆ ಏನೂ ಬಾರದಿದ್ದುದರಿಂದ ಬೇರೆ ಏನನ್ನೂ ಯೋಚಿಸುತ್ತಿರಲಿಲ್ಲ.

ಒಂದು ದಿನ ತಂಡದ ಬೌಲರ್‌ಗೆ ಜ್ವರ ಬಂತು. ಇವನಿಗೆ ಜಾಗ ಸಿಕ್ಕಿತು. ಸಿಕ್ಕ ಜಾಗವನ್ನು ಇವನು ಬಿಟ್ಟುಕೊಡಲಿಲ್ಲ. ಆ ಋತು ಮುಗಿಯುವಷ್ಟರಲ್ಲಿ ಮೂವತ್ತೇಳು ವಿಕೆಟ್ ಉರುಳಿಸಿದ್ದ. ಜಿಲ್ಲೆಯ ಪತ್ರಿಕೆಯಲ್ಲಿ ಹೆಸರು ಬಂತು. ಕ್ಯಾಂಟೀನಿನವನು ಇವನನ್ನು ಕಂಡರೆ ಬಿಸಿ ವಡೆ ಎತ್ತಿ ಇಡತೊಡಗಿದ. ಅವನಿಗೆ ಹೆಮ್ಮೆಯಾಯಿತು. ಆಗಬೇಕಾದ್ದೇ. ಬೆವರು ಸುರಿಸಿ ಪಡೆದದ್ದಕ್ಕೂ ಹೆಮ್ಮೆಪಡದವನನ್ನು ಕಂಡರೆ ನನಗೆ ಅನುಮಾನ.

ಹೆಸರು ಬಂದ ಬೆನ್ನಿಗೇ ಉಪದೇಶ ಮಾಡುವವರೂ ಬಂದರು. ನಿನ್ನ ಚೆಂಡು ಈಗ ಎಲ್ಲರಿಗೂ ಗೊತ್ತಾಗಿದೆ, ಮುಂದಿನ ವರ್ಷ ನಿನ್ನ ಆಟ ನಡೆಯುವುದಿಲ್ಲ ಎಂದರು. ಅದು ಪೂರಾ ಸುಳ್ಳೂ ಅಲ್ಲ. ಒಬ್ಬ ಒಳಕ್ಕೆ ತಿರುಗುವ ಚೆಂಡು ಹೇಳಿಕೊಟ್ಟ. ಇನ್ನೊಬ್ಬ ಬೆರಳು ಸಡಿಲಿಸಿ ನಿಧಾನದ ಚೆಂಡು ಹಾಕುವುದನ್ನು ತೋರಿಸಿದ. ಮತ್ತೊಬ್ಬ ಬೌನ್ಸರ್ ಕಲಿಸಿದ, ಉಳಿದವರು ಇನ್ನೂ ಏನೇನೋ ಕಲಿಸಿದರು. ಬೌಲರ್ ಬುದ್ಧಿವಂತ, ಎಲ್ಲವನ್ನೂ ಬೇಗ ಕಲಿತ. ಎರಡನೆಯ ವರ್ಷ ಓವರಿನ ಆರು ಚೆಂಡಿಗೆ ಆರು ಬಗೆ. ನೋಡುವವರಿಗೆ ಹಬ್ಬ. ಬ್ಯಾಟ್ಸ್‌ಮನ್‌ಗಳಿಗೂ ಹಬ್ಬವೇ.

ಆ ಋತುವಿನಲ್ಲಿ ಅವನಿಗೆ ಸಿಕ್ಕದ್ದು ಒಂಬತ್ತು ವಿಕೆಟ್. ಕೊನೆಕೊನೆಗೆ ಕ್ಯಾಪ್ಟನ್ ಅವನ ಕೈಗೆ ಮೂರು ಓವರ್ ಕೊಟ್ಟು, ಚೆಂಡು ಕಸಿದುಕೊಂಡು ಬೌಂಡರಿಗೆ ಕಳಿಸುತ್ತಿದ್ದ. ಗೆರೆಯ ಬಳಿ ನಿಂತು ಬೇರೆಯವರು ಬೌಲ್ ಮಾಡುವುದನ್ನು ನೋಡಲು ಅವನಿಗೆ ನಾಚಿಕೆಯಾಗುತ್ತಿತ್ತು. ಹೋದ ವರ್ಷದ್ದು ಬರೀ ಅದೃಷ್ಟವೇ, ತಾನು ಬೌಲರೇ ಅಲ್ಲವೇ ಎಂಬ ಯೋಚನೆ ಹತ್ತಿತು. ಇನ್ನುಳಿದದ್ದು ಒಂದೇ ವರ್ಷ. ಅದರ ಕೊನೆಗೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ಆ ತಂಡದ ಟೋಪಿ ತಲೆಯ ಮೇಲೆ ಬಂದರೆ ತಾನು ಬೌಲರ್ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ, ಬರದಿದ್ದರೆ ತಾನು ಬೌಲರೇ ಅಲ್ಲ ಎಂದು ಅವನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದ.

ಸೋತವನಿಗೆ ಯಾರನ್ನಾದರೂ ಬೈಯಬೇಕು. ಮೊದಲು ಬೂಟನ್ನು ಬೈದ. ಆಮೇಲೆ ತನ್ನ ಭುಜವನ್ನೇ ಬೈದ. ಅಂಪೈರ್‌ಗಳನ್ನೂ ಬಿಡಲಿಲ್ಲ. ಬೈಯಲು ಇನ್ನೇನೂ ಉಳಿಯದೆ ಕೊನೆಗೆ ತಪ್ಪನ್ನು ಚಾಪೆಯ ಮೇಲೆ ಹೊರಿಸಿದ.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಋತು ಮುಗಿದ ಮೇಲೆ ಚಾಪೆಗಳನ್ನೆಲ್ಲ ತೊಳೆದು, ಒಣಗಿಸಿ, ಹರಿದ ಕಡೆ ನಾರಿನ ಹುರಿಯಿಂದ ಹೊಲಿದು, ಬೇವಿನ ಸೊಪ್ಪು ಹಾಕಿ ಸುತ್ತಿಡುತ್ತಿದ್ದರು. ಅದಕ್ಕೆಂದೇ ಒಬ್ಬ ಆಳು ಇದ್ದ. ಇಪ್ಪತ್ತು ವರ್ಷದಿಂದ ಆ ಕೆಲಸ ಅವನದೇ. ಬೇರೆಯವರು ಚಾಪೆ ಮುಟ್ಟಿದರೂ ಅವನಿಗೆ ಸಹಿಸುತ್ತಿರಲಿಲ್ಲ. ಬೌಲರ್ ನೇರವಾಗಿ ಅವನ ಮುಂದೆ ಹೋಗಿ ನಿಂತ.

"ನೀವು ಹೊಲಿದ ಚಾಪೆ ಸರಿಯಿಲ್ಲ. ಈ ವರ್ಷ ಚೆಂಡು ಹಿಡೀಲೇ ಇಲ್ಲ. ಅದಕ್ಕೇ ನನಗೆ ವಿಕೆಟ್ ಬೀಳಲಿಲ್ಲ" ಎಂದ.

ಚಾಪೆಯವನಿಗೆ ರೇಗಿತು. ಅವನಿಗೂ ತನ್ನ ಕೆಲಸದ ಹೆಮ್ಮೆ ಇತ್ತಲ್ಲ. ಕೊನೆಯ ನೆಟ್ಟಿನ ಚಾಪೆಯನ್ನು ಎಳೆದು ತಂದು ಬೌಲರನ ಕಾಲ ಬಳಿ ಬಿಡಿಸಿ ಹಾಸಿದ.

"ನನ್ ಚಾಪೆಗೆ ಹೆಸರಿಡಬ್ಯಾಡ ಕಣಪ್ಪ. ಹೋದ್ ವರ್ಸ ಇಲ್ಲಿ ತಟ್ಟೆ ಅಗಲ ಕಿತ್ತೋಗಿತ್ತು. ಬರೀ ಇದೊಂದೇ ಕಡೆ. ಮೂರ್ ದಿನ ಹೊಲ್ದೆ, ನಿನ್ನ ಬೈಕೊಂಡೇ ಹೊಲ್ದೆ. ಈ ವರ್ಸ ನೋಡು, ಅಲ್ಲೊಂದ್ ಗೀರು, ಇಲ್ಲೊಂದ್ ಗೀರು. ಎಲ್ಲೂ ಹರಿದೇ ಇಲ್ಲ. ನನ್ ದಬ್ಬಳಕ್ಕೆ ಕೆಲಸಾನೇ ಕೊಡಲಿಲ್ಲ ನೀನು. ನಿನ್ನಿಂದ ಬಲು ಉಪಕಾರ ಆಯ್ತು."

ಅವನು ಕೊಂಕಿಗೆ ಹೇಳಿದ್ದಲ್ಲ, ನಿಜವಾಗಿಯೂ ಉಪಕಾರ ನೆನೆದೇ ಹೇಳಿದ್ದ. ಬೌಲರ್ ಬಗ್ಗಿ ನೋಡಿದ. ತಟ್ಟೆ ಅಗಲದ ಹೊಲಿಗೆ ಒಂದೇ ಕಡೆ ಇತ್ತು, ಹೋದ ವರ್ಷ ತನ್ನ ಚೆಂಡು ಬೀಳುತ್ತಿದ್ದ ಜಾಗದಲ್ಲೇ. ಈ ವರ್ಷ ತಾನು ಕಲಿತ ಆರು ಬಗೆಯೂ ಚಾಪೆಯ ತುಂಬ ಚೆಲ್ಲಿಹೋಗಿದ್ದವು. ಮುಖಕ್ಕೆ ಹೊಡೆದಂತಾಯಿತು. ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ಆ ಹೊಲಿಗೆಯ ಮೇಲೆ ಕೈಯಾಡಿಸಿದ. ಎದ್ದು ಹೊರಡುವಾಗ, "ಮುಂದಿನ ವರ್ಷಕ್ಕೆ ಹುರಿ ಸ್ವಲ್ಪ ಜಾಸ್ತಿ ತರಿಸಿಟ್ಟುಕೊಳ್ಳಿ" ಎಂದ.

ಕತೆ ಇಲ್ಲಿಗೇ ಮುಗಿದಿದ್ದರೆ, ಮರಿ, ನಾನು ನಿನಗೆ ಇದನ್ನು ಹೇಳುತ್ತಲೇ ಇರಲಿಲ್ಲ.

ಮೂರನೆಯ ವರ್ಷ ಅವನು ಮತ್ತೆ ಅದೇ ಜಾಗಕ್ಕೆ ಚೆಂಡು ಹಾಕತೊಡಗಿದ. ಆದರೆ ವಿಕೆಟ್ ಬೀಳಲಿಲ್ಲ. ಉಪದೇಶ ಮಾಡಿದವರು ಹೇಳಿದ್ದ ಅರ್ಧ ನಿಜ ಈಗ ಎದುರಿಗೆ ಬಂದು ನಿಂತಿತು. ಬ್ಯಾಟ್ಸ್‌ಮನ್‌ಗಳೂ ದಡ್ಡರಲ್ಲ. ಇವನ ಚೆಂಡನ್ನು ಹೊಡೆಯಲು ಹೋಗುವುದೇ ಬೇಡ, ತಡೆದು ನಿಂತು, ಆ ಕಡೆಯ ಬೌಲರನನ್ನು ನೋಡಿಕೊಳ್ಳೋಣ ಎಂದು ತೀರ್ಮಾನಿಸಿಕೊಂಡೇ ಬರುತ್ತಿದ್ದರು. ಒಂದು ಪಂದ್ಯದಲ್ಲಿ ಒಂದು ವಿಕೆಟ್, ಇನ್ನೊಂದರಲ್ಲಿ ಅದೂ ಇಲ್ಲ. ರನ್ನನ್ನೂ ಕೊಡುತ್ತಿರಲಿಲ್ಲ ನಿಜ, ಆದರೆ ಕೊಡದ ರನ್ನಿಗೆ ಚಪ್ಪಾಳೆ ತಟ್ಟುವವರು ಯಾರು? ಕಲಿತ ಆರು ಬಗೆ ಇನ್ನೂ ಬೆರಳಲ್ಲಿ ಇದ್ದವು. ಒಂದು ಹಾಕಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಅದೇ ಜಾಗಕ್ಕೆ ಹಾಕಿದ. ತಂಡ ಗೆಲ್ಲುತ್ತಾ ಹೋಯಿತು. ಯಾಕೆ ಗೆಲ್ಲುತ್ತಿದೆ ಎಂದು ಯಾರೂ ಅಷ್ಟಾಗಿ ಯೋಚಿಸಲಿಲ್ಲ.

ಕಾಲೇಜು ಫೈನಲ್ ಮುಟ್ಟಿತು. ವಿಶ್ವವಿದ್ಯಾಲಯದ ತಂಡವನ್ನು ಆರಿಸುವ ಇಬ್ಬರು ಶಾಮಿಯಾನದ ಕೆಳಗೆ ಪುಸ್ತಕ ಹಿಡಿದು ಕೂತಿದ್ದರು. ಎದುರಾಳಿಗಳಿಗೆ ಕೊನೆಯ ಮೂರು ಓವರಿನಲ್ಲಿ ಇಪ್ಪತ್ತು ರನ್ ಬೇಕಿತ್ತು. ಎರಡು ವಿಕೆಟ್ ಉಳಿದಿದ್ದವು. ಆಡುತ್ತಿದ್ದವನು ಅವರ ಅತಿ ದೊಡ್ಡ ಆಟಗಾರ, ಬೆಳಗಿನಿಂದ ಬೇರೂರಿದ್ದ. ನಮ್ಮ ಬೌಲರ್ ಅಷ್ಟರಲ್ಲಿ ಒಂಬತ್ತು ಓವರ್ ಹಾಕಿ ಹನ್ನೊಂದು ರನ್ ಕೊಟ್ಟಿದ್ದ. ವಿಕೆಟ್ ಒಂದೂ ಇಲ್ಲ. ಉಳಿದದ್ದು ಒಂದು ಓವರ್.

ಕ್ಯಾಪ್ಟನ್ ಓಡಿ ಬಂದು ಚೆಂಡು ಕೊಟ್ಟ. "ವಿಕೆಟ್ ಬೇಕು ಕಣೋ. ಆ ನಿಧಾನದ ಚೆಂಡು ಒಂದು ಹಾಕಿ ನೋಡು. ಆರಿಸೋಕೆ ಕೂತವರೂ ನಿನ್ನ ಹೆಸರು ಬರೆದುಕೊಳ್ತಾರೆ" ಎಂದ.

ಬೌಲರ್ ಚೆಂಡನ್ನು ಬೆರಳಲ್ಲಿ ತಿರುಗಿಸಿದ. ನಿಧಾನದ ಚೆಂಡು ಬಿದ್ದರೆ ವಿಕೆಟ್ ಸಿಕ್ಕೀತು, ಸಿಕ್ಕರೆ ಟೋಪಿ. ತಪ್ಪಿದರೆ ಸಿಕ್ಸರ್, ತಂಡದ ಕತೆ ಮುಗಿದಂತೆ. ಅವನಿಗೆ ಆ ಟೋಪಿ ಬಹಳ ಬೇಕಿತ್ತು. ಮೂರು ವರ್ಷದಿಂದ ಬೇಕಿತ್ತು. ಒಂದು ಗಳಿಗೆ ನಿಂತು, ಓಡಿ ಬಂದು, ಆರಕ್ಕೆ ಆರು ಚೆಂಡನ್ನೂ ತನ್ನ ಜಾಗಕ್ಕೇ ಹಾಕಿದ. ಆ ದೊಡ್ಡ ಆಟಗಾರ ಎರಡನ್ನು ತಡೆದ. ಮೂರನ್ನು ಹೊಡೆಯಹೋಗಿ ಗಾಳಿಗೆ ಬೀಸಿದ. ಕೊನೆಯದು ಫೀಲ್ಡರನ ಕೈಗೆ ಉರುಳಿತು. ಒಂದು ರನ್ನೂ ಬರಲಿಲ್ಲ.

ಈಗ ಹನ್ನೆರಡು ಚೆಂಡಿಗೆ ಇಪ್ಪತ್ತು ರನ್. ಆ ಕಡೆಯಿಂದ ಎಡಗೈ ಸ್ಪಿನ್ನರ್ ಬಂದ, ತಂಡಕ್ಕೆ ಆ ವರ್ಷವಷ್ಟೇ ಸೇರಿದವನು. ಇನ್ನೊಂದು ತುದಿಯಲ್ಲಿದ್ದ ಆಟಗಾರ ಗಾಬರಿಬಿದ್ದು ಮುನ್ನುಗ್ಗಿ ಸ್ಟಂಪ್ ಆದ. ಅವನ ಜಾಗಕ್ಕೆ ಬಂದವನು ಹೇಗೋ ಒಂದು ರನ್ ಓಡಿ ಮುಂದಿನ ಚೆಂಡನ್ನು ದೊಡ್ಡ ಆಟಗಾರನಿಗೆ ಒಪ್ಪಿಸಿದ. ಅವನು ಕಾಯುವಷ್ಟು ಚೆಂಡು ಉಳಿದಿರಲಿಲ್ಲ. ಮುಗಿಲಿಗೆ ಎತ್ತಿ ಹೊಡೆದು ಕ್ಯಾಚ್ ಕೊಟ್ಟ. ಹನ್ನೊಂದು ವರ್ಷದ ಮೇಲೆ ಕಪ್ಪು ಆ ಕಾಲೇಜಿಗೆ ಬಂತು. ಐದು ವಿಕೆಟ್ ತೆಗೆದ ಸ್ಪಿನ್ನರನನ್ನು ಹುಡುಗರು ಹೆಗಲ ಮೇಲೆ ಹೊತ್ತು ಮೆರೆಸಿದರು. ಹೊತ್ತವರಲ್ಲಿ ನಮ್ಮ ಬೌಲರನೂ ಇದ್ದ.

ವಾರದ ಮೇಲೆ ನೋಟಿಸ್ ಬೋರ್ಡಿನಲ್ಲಿ ವಿಶ್ವವಿದ್ಯಾಲಯದ ತಂಡದ ಪಟ್ಟಿ ಹಚ್ಚಿದರು. ಸ್ಪಿನ್ನರನ ಹೆಸರಿತ್ತು. ಬೌಲರನ ಹೆಸರಿರಲಿಲ್ಲ. ಅವನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದ. ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಹಿಂದೆ ತಿರುಗಿದರೆ ಸ್ಪಿನ್ನರ್ ತಲೆ ತಗ್ಗಿಸಿಕೊಂಡು ನಿಂತಿದ್ದ.

"ಅಣ್ಣಾ, ಆ ಟೋಪಿ ನಿಮಗೆ ಬರಬೇಕಾದ್ದು. ನಿಮ್ಮ ಓವರುಗಳಿಗೆ ಹೆದರಿಕೊಂಡು ಅವರು ನನ್ನ ಕೈಗೆ ಸಿಕ್ಕರು. ನಾನೇ ಹೋಗಿ ಹೇಳಿ ಬರ್ತೀನಿ" ಎಂದ.

"ಸುಮ್ನೆ ಹೋಗಿ ಟೋಪಿ ಹಾಕ್ಕೊಳೋ. ನೀನು ತೆಗೆದ ಐದು ವಿಕೆಟ್ ನಿನ್ನವು, ಯಾರೂ ದಾನ ಕೊಟ್ಟದ್ದಲ್ಲ. ಆ ಹತ್ತು ಓವರು ಮಾತ್ರ ನನ್ನವು. ಅವನ್ನ ನಾನು ಎಂಥ ಟೋಪಿ ಕೊಟ್ಟರೂ ಯಾರಿಗೂ ಕೊಡಲ್ಲ" ಎಂದ ಬೌಲರ್.

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಅದು ಬರೀ ಸಮಾಧಾನಕ್ಕೆ ಆಡಿದ ಮಾತಾಗಿರಲಿಲ್ಲ. ಪತ್ರಿಕೆಯಲ್ಲಿ ಹೆಸರು ನೋಡಿದ ದಿನ ಆದದ್ದಕ್ಕಿಂತ ದೊಡ್ಡ ಹೆಮ್ಮೆ ಈಗ ಆಗಿತ್ತು. ತಾನು ಬೌಲರೋ ಅಲ್ಲವೋ ಎಂಬ ಅನುಮಾನ ಮತ್ತೆಂದೂ ಅವನನ್ನು ಕಾಡಲಿಲ್ಲ. ಸ್ಪಿನ್ನರನ ಹೆಗಲ ಮೇಲೆ ಕೈ ಹಾಕಿ ತಿಂಡಿಗೆ ಕರೆದುಕೊಂಡು ಹೋದ.

ಇಷ್ಟು ಹೇಳಿ ಹಿರಿಯ ಸ್ವಾಮಿಗಳು ನಿಲ್ಲಿಸಿದರು. ಅವರ ದನಿಯಲ್ಲೂ ಹೆಮ್ಮೆ ಇತ್ತು. ಆ ಬೌಲರ್ ಮಠದ ನಿಲಯದಲ್ಲೇ ಉಂಡು ಬೆಳೆದವನಿರಬೇಕು ಎಂದು ಮರಿದೇವರಿಗೆ ಅನ್ನಿಸಿತು. ಕತೆ ತಮಗೆ ಅರ್ಥವಾಯಿತೆಂದು ಅವರಿಗೆ ಸಂತೋಷವಾಗಿತ್ತು.

"ಹಾಗಾದರೆ ಬುದ್ಧಿ, ಮುಂದಿನ ಶ್ರಾವಣಕ್ಕೆ ಆ ಹಾರ್ಮೋನಿಯಂ, ಹಾಡು ಎಲ್ಲ ಬಿಟ್ಟುಬಿಟ್ಟರೆ ಜನ ಮತ್ತೆ ಬರುತ್ತಾರೆ, ಅಲ್ಲವೇ?" ಎಂದು ಕೇಳಿದರು.

"ಜನದ ವಿಚಾರ ಆಮೇಲೆ. ಈ ಮೂವತ್ತು ದಿನ ನೀನಾಡಿದ್ದರಲ್ಲಿ, ಇದು ನನ್ನದು, ಯಾರಿಗೂ ಕೊಡಲಾರೆ ಅನ್ನುವಂಥ ಒಂದು ಮಾತು ಹೇಳು ಮರಿ" ಎಂದರು ಸ್ವಾಮಿಗಳು.

ಮರಿದೇವರು ಒಂದೊಂದೇ ದಿನವನ್ನು ನೆನೆಸಿಕೊಂಡು ಬೆರಳು ಮಡಚತೊಡಗಿದರು. ಮೂವತ್ತೂ ಮುಗಿದ ಮೇಲೆ ಮತ್ತೆ ಮೊದಲ ದಿನದಿಂದ ಹುಡುಕತೊಡಗಿದರು.