ತುಂಬೆ ತಾನೇ ಬರುತ್ತೆ

ನಗು ಬಂದರೆ ನಕ್ಕುಬಿಡಿ, ತಡೆದುಕೊಳ್ಳಬೇಡಿ. ಆದರೆ ಈರಕ್ಕನ ಮನೆ ಮುಂದೆ ಮಾತ್ರ ನಗಬೇಡಿ. ಆಯಮ್ಮನ ಕೈಗೆ ಪೊರಕೆ ಬೇಗ ಸಿಗುತ್ತೆ.

ಈರಕ್ಕನಿಗೆ ಒಬ್ಬನೇ ಮಗ, ಜುಂಜ. ಆಳು ನೋಡಿದರೆ ಬಾಗಿಲೆತ್ತರ, ಬುದ್ಧಿ ನೋಡಿದರೆ ಹೊಸ್ತಿಲೆತ್ತರವೂ ಇಲ್ಲ. ಮಗ ಹೇಳಿದ್ದು ಮಾಡಲ್ಲ ಅಂತ ಬೇರೆ ತಾಯಂದಿರು ಗೋಳಾಡಿದರೆ, ನನ್ನ ಮಗ ಹೇಳಿದ್ದನ್ನೇ ಮಾಡ್ತಾನಲ್ಲ ಅಂತ ಈರಕ್ಕ ಗೋಳಾಡುತ್ತಿದ್ದಳು. ಅವನಿಗೆ ಹೆಣ್ಣು ಕೊಡುವವರೇ ಇರಲಿಲ್ಲ. ತಾನು ಕಣ್ಣು ಮುಚ್ಚುವ ಮೊದಲು ಇವನಿಗೊಬ್ಬಳು ಹೆಂಡತಿ ಸಿಗಬೇಕು ಅನ್ನುವುದೊಂದೇ ಅವಳ ಆಸೆ.

ಹೀಗಿರುವಾಗ ಮದುವೆ ಕೂಡಿಸುವ ಕಾಟಣ್ಣ ಒಂದು ಸುದ್ದಿ ತಂದ. ಪಕ್ಕದೂರಿನ ಬೊಮ್ಮಜ್ಜನಿಗೆ ಸಿದ್ದಕ್ಕ ಅಂತ ಮದುವೆಗೆ ಬಂದ ಮೊಮ್ಮಗಳಿದ್ದಾಳೆ. ಅಜ್ಜನಿಗೆ ಶಿವನ ಪೂಜೆಗೆ ತುಂಬೆ ಹೂವೇ ಆಗಬೇಕು. ಹೊಲಕ್ಕೆಲ್ಲ ಔಷಧಿ ಹೊಡೆದೂ ಹೊಡೆದೂ ಆ ಪುಟ್ಟ ಬಿಳಿ ಹೂ ಅವನ ಊರಲ್ಲಿ ಕಾಣೆಯಾಗಿದೆ. ಯಾರ ಅಂಗಳದಲ್ಲಿ ತುಂಬೆ ಅರಳುತ್ತೋ ಆ ಮನೆಗೇ ಹುಡುಗಿ ಅಂತ ಹಟ ಹಿಡಿದು ಕೂತಿದ್ದಾನೆ.

ಈರಕ್ಕನ ಜೀವಕ್ಕೆ ಜೀವ ಬಂತು. ಅವಳ ಅಂಗಳದಲ್ಲಿ ಮಲ್ಲಿಗೆ ಒಣಗಿತ್ತು, ಕನಕಾಂಬರ ಒಣಗಿತ್ತು, ಬಾವಿ ಅವೆರಡಕ್ಕಿಂತ ಮೊದಲೇ ಒಣಗಿತ್ತು. ತುಂಬೆಯಾದರೆ ಗೊಬ್ಬರ ಕೇಳಲ್ಲ, ಕೊಡದಿಂದ ನೀರು ಹೊಯ್ಯಿ ಅನ್ನಲ್ಲ. ಮಳೆಗೆ ಹುಟ್ಟಿ, ಹೂವಾಗಿ, ಬೀಜ ಉದುರಿಸಿ, ವರ್ಷದೊಳಗೆ ತಾನೇ ಹೋಗುತ್ತೆ.

"ಜುಂಜ, ನಿಮ್ಮತ್ತೆ ಊರಲ್ಲಿ ತುಂಬೆ ಇನ್ನೂ ಐತೆ. ಹೋಗಿ ಬೀಜ ಇಸ್ಕಾ."

"ಇಸ್ಕಂಡು ಏನ್ ಮಾಡ್ಬೇಕಮ್ಮ?"

"ಏನೂ ಮಾಡಂಗಿಲ್ಲ ಕಣಪ್ಪ. ನೆಲಕ್ಕೆ ಚೆಲ್ಲಿದ್ರೆ ಸಾಕು, ತಾನೇ ಬರುತ್ತೆ."

ಜುಂಜ ಹೋದ. ಅತ್ತೆ ಕೊಟ್ಟ ಬೀಜವನ್ನು ಅತ್ತೆಯ ಬಾಗಿಲಲ್ಲೇ ಚೆಲ್ಲಿದ. ಕೈ ಬೀಸಿಕೊಂಡು ಮನೆಗೆ ಬಂದು, ಜಗಲಿ ಮೇಲೆ ಕೂತು ದಾರಿ ನೋಡತೊಡಗಿದ.

"ಬೀಜ ಎಲ್ಲೋ?"

"ಚೆಲ್ಲಿ ಬಂದಿದೀನಿ. ಹಿಂದ್ಗಡೆ ಬರ್ತಾ ಇರ್ಬೇಕು. ನಾನೇ ಸ್ವಲ್ಪ ಬಿರ್ರನೆ ನಡ್ದೆ."

ಈರಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಬಟ್ಟೇಲಿ ಗಂಟು ಕಟ್ಕಂಡು ತರ್ಬೇಕು ಕಣೋ. ಆ ಗಂಟು ಬಿಚ್ಚಲೇಬಾರ್ದು."

"ಅಷ್ಟೇ ತಾನೇ? ಹಂಗೇ ಮಾಡ್ತೀನಿ ಬಿಡು."

ಮಾರನೇ ದಿನ ಮತ್ತೆ ಹೋದ. ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದ. ಅಂಗಳದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಗಂಟು ಬಿಚ್ಚದೆ ಟವೆಲ್ಲಿನ ಸಮೇತ ಹೂತು, ಮೇಲೆ ನಿಂತು ತುಳಿದ.

ಈರಕ್ಕ ಗುಂಡಿ ಅಗೆದು ಗಂಟು ತೆಗೆದಳು. "ಸಣ್ಣ ಬೀಜ ಕಣೋ ಇದು. ಮಣ್ಣ ಮೇಲೆ ತೆಳ್ಳಗೆ ಉದುರಿಸಿ ಹಂಗೇ ಬಿಡ್ಬೇಕು. ಮುಚ್ಚಬಾರ್ದು, ಗಾಳಿ ಬೆಳಕು ಆಡ್ಬೇಕು."

"ಅಷ್ಟೇ ತಾನೇ? ಹಂಗೇ ಮಾಡ್ತೀನಿ ಬಿಡು."

ಬೀಜವನ್ನು ಅವಳೇ ಉದುರಿಸಿದಳು. ಸಾರಿನ ಮಡಕೆ ನೋಡ್ಕೋ ಅಂತ ಹೇಳಿ ಅಂಗಡಿಗೆ ಹೋದಳು. ಜುಂಜ ನೋಡಿದ, ಮಡಕೆ ಮುಚ್ಚಿದೆ. ಪಾಪ, ಗಾಳಿ ಬೆಳಕು ಎಲ್ಲಿಂದ ಆಡಬೇಕು? ಮುಚ್ಚಳ ತೆಗೆದ, ಹಿತ್ತಲ ಬಾಗಿಲನ್ನೂ ತೆಗೆದ. ಗಾಳಿ ಬಂತು, ಬೆಳಕು ಬಂತು, ಅವೆರಡರ ಹಿಂದೆ ನಾಯಿ ಬಂತು. ಈರಕ್ಕ ಬರುವ ಹೊತ್ತಿಗೆ ನಾಯಿ ಮಡಕೆಗೆ ಬಾಯಿ ಹಾಕಿತ್ತು. ಜುಂಜ ಪಕ್ಕದಲ್ಲೇ ಕೂತು ನೋಡಿಕೊಳ್ಳುತ್ತಿದ್ದ.

"ನೋಡ್ತಾ ಕೂತಿದೀಯಲ್ಲೋ! ಯಾರು ಬಾಯಿ ಹಾಕಿದ್ರೂ ಸರಿ, ದೊಣ್ಣೆ ತಗಂಡು ಊರಾಚೆಗಂಟ ಅಟ್ಟಬೇಕು."

"ಅಷ್ಟೇ ತಾನೇ? ಹಂಗೇ ಮಾಡ್ತೀನಿ ಬಿಡು."

ಮಾರನೇ ದಿನ ಈರಕ್ಕ ಪಕ್ಕದ ಮನೆಯವಳ ಜೊತೆ ಮಳೆಯ ಮಾತಾಡುತ್ತ ಕೂತಿದ್ದಾಗ ಕಾಟಣ್ಣ ಬಂದ. ಮರ್ಯಾದೆಯ ಮನುಷ್ಯ. "ನಡುವೆ ಬಾಯಿ ಹಾಕ್ತೀನಿ ಅಂತ ಬೇಜಾರು ಮಾಡ್ಕಬ್ಯಾಡ ಈರಕ್ಕ, ಬೊಮ್ಮಜ್ಜ ಏನ್ ಹೇಳ್ದ ಅಂದ್ರೆ..."

ಬೊಮ್ಮಜ್ಜ ಏನು ಹೇಳಿದನೋ ಶಿವನಿಗೇ ಗೊತ್ತು. ಜುಂಜ ದೊಣ್ಣೆ ಎತ್ತಿದ್ದ. ಕಾಟಣ್ಣ ಒಂಟಿ ಚಪ್ಪಲಿಯಲ್ಲಿ ಊರು ದಾಟಿದ.

ಈರಕ್ಕ ಅತ್ತೇಬಿಟ್ಟಳು. "ಬಂದೋರಿಗೆ ಹಿಂಗಾ ಮಾಡೋದು? ಯಾರೇ ಬರ್ಲಿ, ಮೊದ್ಲು ನೀರು ಬೆಲ್ಲ ಕೊಡ್ಬೇಕು ಕಣಪ್ಪ." ಆಮೇಲೆ ಚಪ್ಪಲಿ ಹಿಡಿದುಕೊಂಡು ಕಾಟಣ್ಣನ ಮನೆಗೆ ಹೋಗಿ ಕೈ ಮುಗಿದು ಬಂದಳು.

ಮಳೆ ಬಿತ್ತು. ಒಂದು ಬೆಳಿಗ್ಗೆ ಈರಕ್ಕ ಅಂಗಳದಿಂದ ಕೂಗಿದಳು, "ಜುಂಜ, ತುಂಬೆ ಬಂತು ಕಣೋ!"

ಬಂತಾ? ಜುಂಜ ಒಳಗೆ ಓಡಿದ. ಒಂದೊಂದು ಸಸಿಗೂ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ. ಕುಡಿಯೋರು ಕುಡೀಲಿ ಅಂತ ಮತ್ತೊಂದು ಸುತ್ತು. ಕುಡಿಯುವ ನೀರಿನ ಹಂಡೆ ಖಾಲಿ, ಊರಿನ ಇರುವೆಯೆಲ್ಲ ಅಂಗಳದಲ್ಲಿ, ಅರ್ಧ ಸಸಿ ಕೊಳೆತವು.

"ಸಾಕು ಮಾಡೋ ಮಾರಾಯಾ! ತುಂಬೆಗೆ ನೀರು ಬ್ಯಾಡ, ಬೆಲ್ಲ ಬ್ಯಾಡ. ಕಳೆ ಕಿತ್ತರೆ ಸಾಕು."

"ಕಳೆ ಅಂದ್ರೆ ಯಾವ್ದಮ್ಮ?"

ಈರಕ್ಕನಿಗೆ ಭಯವಾಯಿತು. ಇವನು ತುಂಬೆಯನ್ನೇ ಕಿತ್ತಾನು. "ನೀನಾಗೇ ಏನೂ ಕೀಳಬ್ಯಾಡ. ತಿಳಿದೋರು ಬಾಯ್ಬಿಟ್ಟು ಇದು ಕಳೆ ಅಂದ್ರೆ ಮಾತ್ರ, ಬೇರು ಸಮೇತ ಕಿತ್ತುಬಿಡು."

"ಅಷ್ಟೇ ತಾನೇ? ಹಂಗೇ ಮಾಡ್ತೀನಿ ಬಿಡು."

ಯಾರೂ ಏನೂ ಅನ್ನಲಿಲ್ಲ, ಜುಂಜ ಏನೂ ಕೀಳಲಿಲ್ಲ. ಉಳಿದ ಸಸಿಗಳು ಸೊಂಟದ ಮೇಲೆ ಕೈಯಿಟ್ಟು ನಿಂತ ಹಾಗೆ ಎದ್ದುನಿಂತವು. ಗೆಣ್ಣುಗೆಣ್ಣಿಗೂ ಬಿಳಿ ಹೂ, ಹೂವಿಗೊಂದು ಜೇನು. ಈರಕ್ಕ ಬೊಮ್ಮಜ್ಜನಿಗೆ ಹೇಳಿಕಳಿಸಿದಳು.

ಬೊಮ್ಮಜ್ಜ ಬಂದ, ಸಿದ್ದಕ್ಕ ಬಂದಳು. ಕಾಟಣ್ಣ ಬಂದವನು ಬೇಲಿಯಾಚೆಗೇ ನಿಂತ. ಜುಂಜ ಎಲ್ಲರಿಗೂ ನೀರು ಬೆಲ್ಲ ಕೊಟ್ಟ. ಒಂದೂ ತಪ್ಪಾಗಲಿಲ್ಲ. ಈರಕ್ಕ ಎಲ್ಲ ದೇವರನ್ನೂ ನೆನೆದಳು.

ಅಜ್ಜ ತುಂಬೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದು ಹೂ ಕಿತ್ತು ಕಣ್ಣಿಗೊತ್ತಿಕೊಂಡ. "ಈರಕ್ಕ, ನಿನ್ನ ಮನೆಗೆ ಈ ತುಂಬೆಯೇ ಕಳೆ ಕಣವ್ವ."

ಜುಂಜ ಎದ್ದ. ತಿಳಿದವರು ಬಾಯ್ಬಿಟ್ಟು ಹೇಳಿದ್ದಾರೆ. ಪಂಚೆ ಎತ್ತಿ ಕಟ್ಟಿದ, ಎರಡೂ ಕೈಯಲ್ಲಿ ಹಿಡಿದ, ಎಳೆದ, ಮಣ್ಣು ಕೊಡವಿದ, ಎಸೆದ. ಈರಕ್ಕ ಓಡಿಬರುವಷ್ಟರಲ್ಲಿ ಅಂಗಳ ಬೋಳು.

ಈರಕ್ಕ ನೆಲಕ್ಕೆ ಕುಸಿದಳು. ಅಜ್ಜ ಸಿಟ್ಟಿನಿಂದ ಟವೆಲ್ ಕೊಡವಿ ಎದ್ದ. ಸಿದ್ದಕ್ಕ ಮಾತ್ರ ಕದಲಲಿಲ್ಲ.

"ಯಾಕೆ ಕಿತ್ತೆ?"

"ನಿಮ್ಮಜ್ಜ ಕಳೆ ಅಂದ್ರು."

ಸಿದ್ದಕ್ಕನಿಗೆ ನಗು ಒತ್ತಿಕೊಂಡು ಬಂತು, ಹೊಟ್ಟೆ ಹಿಡಿದು ನಕ್ಕಳು. "ಅಜ್ಜ, ನೀನು ಹೇಳಿದ್ದನ್ನೇ ತಾನೇ ಮಾಡಿರೋದು? ನೆಟ್ಟಗೆ ಹೇಳೋರಿಲ್ಲ ಇವ್ನಿಗೆ. ನಾನು ಹೇಳ್ತೀನಿ ಬಿಡು. ಒಪ್ಪಿದೀನಿ."

ಮೊಮ್ಮಗಳ ನಗು ನೋಡಿ ಅಜ್ಜನ ಸಿಟ್ಟು ಇಳಿಯಿತು. "ನಕ್ಕರೆ ನಮ್ಮ ಹುಡುಗಿ ಮುಖದಲ್ಲಿ ಎಂಥಾ ಕ..."

ಈರಕ್ಕ ಹಾರಿಹೋಗಿ ಅಜ್ಜನ ಬಾಯಿ ಮುಚ್ಚಿದಳು. ಬೀಗರ ಬಾಯಿಗೆ ಕೈಯಿಟ್ಟದ್ದು ತಪ್ಪೇ ಇರಬಹುದು, ಆದರೆ ಜುಂಜ ಆಗಲೇ ಪಂಚೆ ಎತ್ತಿ ಕಟ್ಟುತ್ತಿದ್ದ.

ಮದುವೆ ಗೊತ್ತಾಯಿತು. ಈರಕ್ಕ ಬೋಳು ಅಂಗಳ ನೋಡಿ ಕಣ್ಣೊರೆಸಿಕೊಂಡಾಗ ಸಿದ್ದಕ್ಕ ಸಮಾಧಾನ ಹೇಳಿದಳು. "ಅಳಬ್ಯಾಡತ್ತೆ. ಕೊಡವಿದಾಗ ಬೀಜ ಉದುರೈತೆ. ಮುಂದಿನ ಮಳೆಗೆ ತಾನೇ ಬರುತ್ತೆ."

ನೆಟ್ಟಗೆ ಹೇಳುತ್ತೇನೆ ಅಂದವಳ ಬಾಯಲ್ಲೇ ಆ ಮಾತು ಬಂತು. ಜುಂಜ ಪಕ್ಕದಲ್ಲೇ ಇದ್ದ.

ಮದುವೆಯಾಗಿ ಮರುವರ್ಷದ ಮೊದಲ ಮಳೆ ಬಿತ್ತು. ಅತ್ತೆ ಸೊಸೆ ಬೆಳಿಗ್ಗೆ ಎದ್ದು ನೋಡಿದರೆ ಅಂಗಳಕ್ಕೆ ಬೇಲಿಯಿಲ್ಲ. ತುಂಬೆ ಬರುವ ದಾರಿಗೆ ಅಡ್ಡ ಅಂತ ಜುಂಜ ಕಿತ್ತು ಪಕ್ಕಕ್ಕಿಟ್ಟಿದ್ದ. ತಾನು ಜಗಲಿ ಮೇಲೆ ಚೊಂಬಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಇಟ್ಟುಕೊಂಡು ಕೂತಿದ್ದ. ಬೇಲಿಯಿಲ್ಲದ ಅಂಗಳಕ್ಕೆ ಮೊದಲು ಬಂದದ್ದು ಪಕ್ಕದ ಮನೆಯ ಎಮ್ಮೆ.

ಜುಂಜ ಎದ್ದುನಿಂತು ಎಮ್ಮೆಗೆ ಬೆಲ್ಲ ತಿನ್ನಿಸಿದ, ನೀರು ಕುಡಿಸಿದ. ಅದು ಬಾಯಿ ನೆಕ್ಕಿಕೊಳ್ಳುವವರೆಗೂ ಕಾದು, ಆಮೇಲೆ ಕೇಳಿದ.

"ದಾರೀಲಿ ನಮ್ಮ ತುಂಬೆ ಸಿಕ್ತೇನವ್ವ? ಎಲ್ಲಿಗಂಟ ಬಂದೈತೆ?"